ಮೇದೋಜೀರಕದ ಕ್ಯಾನ್ಸರ್‌ಗೆ ಕಿರುರಂಧ್ರದ ಶಸ್ತ್ರಚಿಕಿತ್ಸೆ: ಬಳ್ಳಾರಿ ಸೀಮೆಯಿಂದ ನೋಡಿದ ಚರಿತ್ರೆ

ಮೇದೋಜೀರಕ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಇರುವ ಸುಮಾರು 15 ಸೆಂ.ಮೀ. ಉದ್ದದ ಮೆತ್ತನೆಯ ಅಂಗ. ಇದರ ತಲೆಯ ಭಾಗ ಸಣ್ಣ ಕರುಳಿನ ಮೊದಲ ಬಾಗಿನೊಳಗೆ ಅಂಟಿಕೊಂಡಿರುತ್ತದೆ. ಬಾಲ ಎಡಕ್ಕೆ ಸಾಗಿ ಗುಲ್ಮವನ್ನು ಮುಟ್ಟುತ್ತದೆ. ಯಕೃತ್ತಿನಿಂದ ಇಳಿಯುವ ಪಿತ್ತನಾಳ ಈ ತಲೆಯ ಮೂಲಕವೇ ಹಾದು ಕರುಳನ್ನು ಸೇರುತ್ತದೆ. ಕರುಳಿಗೂ ಯಕೃತ್ತಿಗೂ ರಕ್ತ ಒಯ್ಯುವ ದೊಡ್ಡ ನಾಳಗಳು ಗ್ರಂಥಿಗೆ ಒತ್ತಿಕೊಂಡೇ ಹರಿಯುತ್ತವೆ. ಗ್ರಂಥಿ ಸ್ರವಿಸುವ ರಸ ಮಾಂಸ, ಕೊಬ್ಬು, ಹಿಟ್ಟು ಮೂರನ್ನೂ ಕರಗಿಸಬಲ್ಲದು. ಆ ರಸ ಹೊಲಿಗೆಯಿಂದ ಸೋರಿದರೆ ಸುತ್ತಲಿನ ರಕ್ತನಾಳದ ಗೋಡೆಯನ್ನೂ ತಿಂದುಹಾಕುತ್ತದೆ. ಹೊಟ್ಟೆಯ ಬೇರೆ ಅಂಗಗಳ ಶಸ್ತ್ರಚಿಕಿತ್ಸೆ ಎಷ್ಟೋ ಮುಂದೆ ಸಾಗಿದ ಮೇಲೂ ವೈದ್ಯರು ಈ ಗ್ರಂಥಿಗೆ ಕೈಹಾಕಲು ಹಿಂಜರಿದದ್ದು ಇದೇ ಕಾರಣಕ್ಕೆ.

ಈ ಗ್ರಂಥಿಯ ಕ್ಯಾನ್ಸರ್ ಬಹುಕಾಲ ಸದ್ದಿಲ್ಲದೆ ಬೆಳೆಯುತ್ತದೆ. ತಲೆಯ ಭಾಗದಲ್ಲಿ ಗಡ್ಡೆ ಎದ್ದರೆ ಪಿತ್ತನಾಳ ಒತ್ತಿ ಮುಚ್ಚಿಹೋಗುತ್ತದೆ. ಆಗ ನೋವಿಲ್ಲದೆ ಕಾಮಾಲೆ ಬರುತ್ತದೆ, ಮೈ ತುರಿಸುತ್ತದೆ, ಮೂತ್ರ ಕಡುಹಳದಿಯಾಗುತ್ತದೆ, ಮಲ ಬಿಳುಚಿಕೊಳ್ಳುತ್ತದೆ. ಬಾಲದ ಕಡೆ ಎದ್ದರೆ ಬೆನ್ನುನೋವು, ತೂಕ ಇಳಿಕೆ, ಇದ್ದಕ್ಕಿದ್ದಂತೆ ಕಾಣಿಸಿಕೊಂಡ ಸಕ್ಕರೆ ಕಾಯಿಲೆ ಬಿಟ್ಟರೆ ಬೇರೆ ಸೂಚನೆ ಕಡಿಮೆ. ರೋಗ ಪತ್ತೆಯಾಗುವ ಹೊತ್ತಿಗೆ ಐವರಲ್ಲಿ ಒಬ್ಬರಿಗೆ ಮಾತ್ರ ಶಸ್ತ್ರಚಿಕಿತ್ಸೆಯ ಅವಕಾಶ ಉಳಿದಿರುತ್ತದೆ. ಗುಣವಾಗುವ ಭರವಸೆ ಇರುವುದು ಆ ಶಸ್ತ್ರಚಿಕಿತ್ಸೆಯಲ್ಲೇ. ಆದ್ದರಿಂದ ಅದನ್ನು ಯಾರು, ಎಲ್ಲಿ, ಹೇಗೆ ಮಾಡುತ್ತಾರೆ ಎಂಬುದರ ಚರಿತ್ರೆ ಬೆಂಗಳೂರಿನಿಂದ ಸುಮಾರು 300 ಕಿ.ಮೀ. ದೂರದ ಬಳ್ಳಾರಿಗೂ, ಅಲ್ಲಿಂದ ಇನ್ನೂ ಆಚೆಗಿರುವ ಸಿರುಗುಪ್ಪ, ಕುರುಗೋಡಿನ ಊರುಗಳಿಗೂ ನೇರವಾಗಿ ಸಂಬಂಧಿಸಿದ್ದು.

ತೆರೆದ ಹೊಟ್ಟೆಯ ಕಾಲ

1882ರಲ್ಲಿ ಜರ್ಮನಿಯ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ ಗ್ರಂಥಿಯ ಬಾಲದ ಗಡ್ಡೆಯನ್ನು ತೆಗೆದರು. 1898ರಲ್ಲಿ ಇಟಲಿಯ ಅಲೆಸಾಂಡ್ರೊ ಕೊಡಿವಿಲ್ಲಾ ತಲೆಯ ಭಾಗವನ್ನು ಕರುಳಿನ ಸಮೇತ ತೆಗೆದರು. ಆ ರೋಗಿ ಉಳಿಯಲಿಲ್ಲ. 1909ರಲ್ಲಿ ಬರ್ಲಿನ್‌ನ ವಾಲ್ಟರ್ ಕೌಶ್ ಇದೇ ಕೆಲಸವನ್ನು ಎರಡು ಹಂತಗಳಲ್ಲಿ ಮಾಡಿ ಯಶಸ್ವಿಯಾದರು. ಶಸ್ತ್ರಚಿಕಿತ್ಸೆಗೆ ಹೆಸರು ಅಂಟಿದ್ದು ಮಾತ್ರ ನ್ಯೂಯಾರ್ಕಿನ ಅಲೆನ್ ವಿಪ್ಪಲ್ ಅವರದು. ಅವರು 1935ರಲ್ಲಿ ತಮ್ಮ ಮೊದಲ ಪ್ರಕರಣಗಳನ್ನು ವರದಿ ಮಾಡಿದರು. ಕಾಮಾಲೆಯಾದ ರೋಗಿಯ ರಕ್ತ ಹೆಪ್ಪುಗಟ್ಟುವುದಿಲ್ಲ ಎಂಬ ಭಯದಿಂದ ಆಗ ಮೊದಲು ಪಿತ್ತಕ್ಕೆ ದಾರಿ ಮಾಡಿಕೊಟ್ಟು, ಕೆಲವು ವಾರ ಕಾದು, ಮತ್ತೆ ಹೊಟ್ಟೆ ತೆರೆಯುತ್ತಿದ್ದರು. ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಕಂಡುಹಿಡಿದ ಕೆ ಜೀವಸತ್ವ ಬಳಕೆಗೆ ಬಂದ ಮೇಲೆ ಆ ಭಯ ಕಡಿಮೆಯಾಯಿತು. 1940ರಲ್ಲಿ ವಿಪ್ಪಲ್ ಇಡೀ ಕೆಲಸವನ್ನು ಒಂದೇ ಹಂತದಲ್ಲಿ ಮುಗಿಸಿದರು.

ವಿಪ್ಪಲ್ ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿಯ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ಕೆಳತುದಿ, ಹಲವು ಬಾರಿ ಜಠರದ ಒಂದಿಷ್ಟು ಭಾಗವೂ ಹೊರಬರುತ್ತವೆ. ತೆಗೆಯುವುದು ಅರ್ಧ ಕೆಲಸ. ಉಳಿದ ಗ್ರಂಥಿಯನ್ನು, ಪಿತ್ತನಾಳವನ್ನು, ಜಠರವನ್ನು ಮತ್ತೆ ಕರುಳಿಗೆ ಜೋಡಿಸಿ ಮೂರು ಹೊಲಿಗೆ ಹಾಕಬೇಕು. ಇವುಗಳಲ್ಲಿ ಎಲ್ಲಕ್ಕಿಂತ ಕಷ್ಟದ್ದು ಗ್ರಂಥಿಗೆ ಹಾಕುವ ಹೊಲಿಗೆ. ಒಳಗಿನ ನಾಳ ಹಲವರಲ್ಲಿ ಎರಡು ಮೂರು ಮಿ.ಮೀ. ಅಗಲವಷ್ಟೇ. ಗ್ರಂಥಿ ಬೆಣ್ಣೆಯಂತೆ ಮೆತ್ತಗಿದ್ದು, ದಾರ ಸ್ವಲ್ಪ ಬಿಗಿಯಾದರೂ ಹರಿದುಕೊಳ್ಳುತ್ತದೆ, ಸಡಿಲವಾದರೆ ರಸ ಸೋರುತ್ತದೆ. ಹೀಗಾಗಿ ಶಸ್ತ್ರಚಿಕಿತ್ಸೆಯ ನಂತರ ಹೊಟ್ಟೆಯೊಳಗಿಟ್ಟ ಕೊಳವೆಯಿಂದ ಬರುವ ದ್ರವದಲ್ಲಿ ಗ್ರಂಥಿಯ ರಸದ ಕಿಣ್ವವಾದ ಅಮೈಲೇಸ್ ಎಷ್ಟಿದೆ ಎಂದು ಪರೀಕ್ಷಿಸುವುದು ಇಂದಿಗೂ ವಾಡಿಕೆ. ಅದು ಹೆಚ್ಚಿದ್ದರೆ ಹೊಲಿಗೆ ಸೋರುತ್ತಿದೆ ಎಂದೇ ಅರ್ಥ.

1960, 70ರ ದಶಕಗಳಲ್ಲಿ ಹಲವೆಡೆ ವಿಪ್ಪಲ್‌ಗೆ ಒಳಗಾದ ನಾಲ್ವರಲ್ಲಿ ಒಬ್ಬರು ಆಸ್ಪತ್ರೆಯಲ್ಲೇ ತೀರಿಕೊಳ್ಳುತ್ತಿದ್ದರು. ಈ ಶಸ್ತ್ರಚಿಕಿತ್ಸೆಯನ್ನೇ ಕೈಬಿಡಬೇಕೆಂಬ ವಾದವೂ ಎದ್ದಿತು. ಚಿತ್ರ ಬದಲಾದದ್ದು ರೋಗಿಗಳನ್ನು ಕೆಲವೇ ಆಸ್ಪತ್ರೆಗಳಿಗೆ ಒಟ್ಟುಗೂಡಿಸಿದಾಗ. 1993ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಜಾನ್ ಕ್ಯಾಮರೊನ್ ಅವರ ತಂಡ ಸತತ 145 ವಿಪ್ಪಲ್‌ಗಳನ್ನು ಒಂದೂ ಸಾವಿಲ್ಲದೆ ಮಾಡಿದ ವರದಿ ಪ್ರಕಟಿಸಿತು. 2002ರಲ್ಲಿ ಜಾನ್ ಬರ್ಕ್‌ಮೆಯರ್ ಮತ್ತು ಸಂಗಡಿಗರು ಅಮೆರಿಕದ ಆಸ್ಪತ್ರೆಗಳ ಲೆಕ್ಕ ತೆಗೆದರು. ಮೇದೋಜೀರಕದ ಶಸ್ತ್ರಚಿಕಿತ್ಸೆ ಅತಿ ಕಡಿಮೆ ನಡೆಯುವ ಆಸ್ಪತ್ರೆಗಳಲ್ಲಿ ಸಾವು ಶೇ 16.3, ಅತಿ ಹೆಚ್ಚು ನಡೆಯುವ ಕಡೆ ಶೇ 3.8. ಮುಂದಿನ ಕಿರುರಂಧ್ರದ ಚರಿತ್ರೆಯನ್ನು ಅರಿಯಲು ಈ ಎರಡು ಅಂಕಿಗಳು ನೆನಪಿನಲ್ಲಿರಬೇಕು.

ಮೊದಲು ನೋಡಲು, ಆಮೇಲೆ ಕತ್ತರಿಸಲು

ಹೊಟ್ಟೆಗೆ ಸಣ್ಣ ರಂಧ್ರ ಕೊರೆದು ಒಳಗೆ ನೋಡುವ ಪ್ರಯತ್ನ 20ನೇ ಶತಮಾನದ ಆರಂಭದ್ದು. 1901ರಲ್ಲಿ ಜರ್ಮನಿಯ ಗಿಯೋರ್ಗ್ ಕೆಲ್ಲಿಂಗ್ ನಾಯಿಯ ಹೊಟ್ಟೆಗೆ ಗಾಳಿ ತುಂಬಿ ದರ್ಶಕ ಕೊಳವೆ ಇಳಿಸಿ ತೋರಿಸಿದರು. 1910ರಲ್ಲಿ ಸ್ವೀಡನ್ನಿನ ಹಾನ್ಸ್ ಕ್ರಿಶ್ಚಿಯನ್ ಯಾಕೋಬಿಯಸ್ ಮನುಷ್ಯರಲ್ಲಿ ಇದನ್ನು ಬಳಸಿದರು. ಮರುವರ್ಷ ಬಾಲ್ಟಿಮೋರಿನಲ್ಲಿ ಬರ್ಟ್ರಮ್ ಬರ್ನ್‌ಹೈಮ್ ಕಾಮಾಲೆಯ ರೋಗಿಯೊಬ್ಬರ ಹೊಟ್ಟೆಯೊಳಗೆ ಹೀಗೆ ಇಣುಕಿದರು. ಆ ರೋಗಿಯ ಮೇಲಿದ್ದ ಸಂಶಯ ಮೇದೋಜೀರಕದ ಕ್ಯಾನ್ಸರಿನದೇ. 1978ರಲ್ಲಿ ಸ್ಕಾಟ್ಲೆಂಡಿನ ಡಂಡಿಯ ಆಲ್ಫ್ರೆಡ್ ಕುಶಿಯೆರಿ ಮತ್ತು ಸಹೋದ್ಯೋಗಿಗಳು ಈ ಕ್ಯಾನ್ಸರ್ ಎಷ್ಟು ಹರಡಿದೆ ಎಂದು ತಿಳಿಯಲು ಲ್ಯಾಪ್ರೊಸ್ಕೋಪಿಯ, ಅಂದರೆ ಹೀಗೆ ರಂಧ್ರದಿಂದ ನೋಡುವ ವಿಧಾನದ, ಪ್ರಯೋಜನವನ್ನು ವಿವರಿಸಿದರು. ರೋಗ ಯಕೃತ್ತಿಗೋ ಹೊಟ್ಟೆಯ ಒಳಪೊರೆಗೋ ಹರಡಿದ್ದರೆ ದೊಡ್ಡ ಶಸ್ತ್ರಚಿಕಿತ್ಸೆ ವ್ಯರ್ಥ. ಒಂದು ಸಣ್ಣ ರಂಧ್ರದಿಂದ ಅದು ಗೊತ್ತಾದರೆ ರೋಗಿಗೆ ಅನಗತ್ಯ ಗಾಯ ತಪ್ಪುತ್ತದೆ. ಈ ಕ್ಯಾನ್ಸರಿನಲ್ಲಿ ಕಿರುರಂಧ್ರದ ಮೊದಲ ಉಪಕಾರ ಇದೇ.

ಕತ್ತರಿಸುವ ಕೆಲಸ ಪಿತ್ತಕೋಶದಿಂದ ಹಬ್ಬಿತು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ, 1987ರಲ್ಲಿ ಫ್ರಾನ್ಸಿನ ಫಿಲಿಪ್ ಮೂರೆ ಪಿತ್ತಕೋಶವನ್ನು ರಂಧ್ರದ ಮೂಲಕ ತೆಗೆದರು. ಭಾರತದಲ್ಲಿ ಇದನ್ನು 1990ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್‌ಟನ್ ಉದ್ವಾಡಿಯಾ ಆರಂಭಿಸಿದರು. ಸರ್ಕಾರಿ ಆಸ್ಪತ್ರೆಯ ಬಡರೋಗಿಗೂ ಇದು ದಕ್ಕಬೇಕು, ದಿನಗೂಲಿಯವರು ಬೇಗ ಕೆಲಸಕ್ಕೆ ಮರಳುವುದರಲ್ಲಿ ಇದರ ಸಾರ್ಥಕತೆ ಇದೆ ಎಂಬುದು ಅವರ ನಿಲುವಾಗಿತ್ತು.

ಇದಕ್ಕೂ ಮೊದಲೇ ಹಳ್ಳಿಗಾಡಿನ ಜನ ಲ್ಯಾಪ್ರೊಸ್ಕೋಪಿಯನ್ನು ಬೇರೊಂದು ರೂಪದಲ್ಲಿ ಕಂಡಿದ್ದರು. 1970ರ ದಶಕದ ಕೊನೆಯಿಂದ ಕುಟುಂಬ ಯೋಜನೆಯ ಶಿಬಿರಗಳಲ್ಲಿ ಹೆಂಗಸರಿಗೆ ಉದರದರ್ಶಕದ ಮೂಲಕ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಹೊಟ್ಟೆ ಕೊಯ್ಯದೆ, ಒಂದು ಹೊಲಿಗೆಯಲ್ಲಿ ಮುಗಿದು, ಬೇಗ ಮನೆಗೆ ಮರಳಬಹುದಾದ ಆಪರೇಷನ್ ಎಂಬ ತಿಳಿವಳಿಕೆ ಜನರಲ್ಲಿ ಬೇರೂರಿದ್ದು ಈ ಶಿಬಿರಗಳಿಂದ. ಆ ತಿಳಿವಳಿಕೆ ಪಿತ್ತಕೋಶಕ್ಕೂ ಅಪೆಂಡಿಕ್ಸ್‌ಗೂ ಬಹುಮಟ್ಟಿಗೆ ಒಪ್ಪುತ್ತದೆ. ಮೇದೋಜೀರಕಕ್ಕೆ ಒಪ್ಪುವುದಿಲ್ಲ.

ಬಳ್ಳಾರಿಯ ಆಸ್ಪತ್ರೆ, ಬಳ್ಳಾರಿಯ ದಾರಿ

ಬಳ್ಳಾರಿ 1800ರಿಂದ ಒಂದೂವರೆ ಶತಮಾನ ಮದ್ರಾಸ್ ಪ್ರಾಂತ್ಯದ ಆಡಳಿತದಲ್ಲಿತ್ತು. ಆಗ ಉನ್ನತ ವೈದ್ಯಶಿಕ್ಷಣದ ಕೇಂದ್ರ ಮದ್ರಾಸು. 1953ರ ಅಕ್ಟೋಬರ್ 1ರಂದು ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ರಾಜ್ಯದ ಗಡಿ ಬದಲಾದರೂ ಚಿಕಿತ್ಸೆ ಅರಸುವವರ ದಾರಿ ಪೂರ್ತಿ ಬದಲಾಗಲಿಲ್ಲ. ತುಂಗಭದ್ರೆಯ ದಡದ ಸಿರುಗುಪ್ಪದವರಿಗೆ ಆದೋನಿ, ಕರ್ನೂಲು, ರಾಯಚೂರುಗಳೂ ಹತ್ತಿರದ ಊರುಗಳೇ.

1961ರಲ್ಲಿ ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಮುಂದೆ ಅದು ವಿಜಯನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಜನರ ಬಾಯಲ್ಲಿ ‘ವಿಮ್ಸ್’ ಆಯಿತು. ಈಗ ಅದರ ಹೆಸರು ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ. ಬಳ್ಳಾರಿ ಜಿಲ್ಲೆಗಷ್ಟೇ ಅಲ್ಲ, ಕೊಪ್ಪಳ, ರಾಯಚೂರು, ಆಂಧ್ರದ ಗಡಿ ತಾಲ್ಲೂಕುಗಳ ರೋಗಿಗಳಿಗೂ ಇದು ದೊಡ್ಡಾಸ್ಪತ್ರೆ. ಪ್ರಧಾನಮಂತ್ರಿ ಸ್ವಾಸ್ಥ್ಯ ಸುರಕ್ಷಾ ಯೋಜನೆಯ ಮೂರನೇ ಹಂತದಲ್ಲಿ ಮೇಲ್ದರ್ಜೆಗೇರಿಸಲು ಆಯ್ಕೆಯಾದ ಕಾಲೇಜುಗಳಲ್ಲಿ ಇದೂ ಒಂದು.

ರೋಗ ಪತ್ತೆಯ ಮಟ್ಟಿಗೆ ಜಿಲ್ಲಾ ಕೇಂದ್ರಗಳು ಕಂಡ ದೊಡ್ಡ ಬದಲಾವಣೆ ಅಲ್ಟ್ರಾಸೌಂಡ್ ಮತ್ತು ಸಿ.ಟಿ. ಸ್ಕ್ಯಾನ್. ಅವು ಬರುವ ಮೊದಲು ಕಾಮಾಲೆಗೆ ಕಲ್ಲು ಕಾರಣವೋ ಗಡ್ಡೆ ಕಾರಣವೋ ಎಂದು ಖಚಿತವಾಗಿ ತಿಳಿಯಲು ಹೊಟ್ಟೆ ತೆರೆದೇ ನೋಡಬೇಕಾಗುತ್ತಿತ್ತು. ಈಗ ಸ್ಕ್ಯಾನಿನ ಚಿತ್ರದಲ್ಲಿ ಹಿಗ್ಗಿದ ಪಿತ್ತನಾಳ, ಗಡ್ಡೆಯ ಅಳತೆ, ಅದು ರಕ್ತನಾಳವನ್ನು ಸುತ್ತಿಕೊಂಡಿದೆಯೋ ಇಲ್ಲವೋ ಎಂಬುದು ಕಾಣುತ್ತದೆ. ಶಸ್ತ್ರಚಿಕಿತ್ಸೆ ಆಗದವರಿಗೆ ಎಂಡೋಸ್ಕೋಪಿಯ ಮೂಲಕ ಪಿತ್ತನಾಳಕ್ಕೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿ ಕಾಮಾಲೆ ಇಳಿಸಬಹುದು. ಹ್ಯಾಂಬರ್ಗಿನ ನಿಬ್ ಸೊಹೇಂದ್ರ 1980ರಲ್ಲಿ ವರದಿ ಮಾಡಿದ ಈ ವಿಧಾನ ಎಷ್ಟೋ ಜನರಿಗೆ ಹೊಟ್ಟೆ ಕೊಯ್ಯುವುದನ್ನೇ ತಪ್ಪಿಸಿದೆ.

ಗಡ್ಡೆ ತೆಗೆಯುವಂತಿದ್ದರೆ ಬಳ್ಳಾರಿ ಕಡೆಯ ರೋಗಿಗಳು ಸಾಮಾನ್ಯವಾಗಿ ಬೆಂಗಳೂರು, ಹುಬ್ಬಳ್ಳಿ ಅಥವಾ ಹೈದರಾಬಾದಿನತ್ತ ಹೊರಡುತ್ತಾರೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ (ಕ್ಯಾನ್ಸರ್) ಸಂಸ್ಥೆ ಇದೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರ, ಕರುಳು ರೋಗಗಳಿಗೂ ಅಂಗಾಂಗ ಕಸಿಗೂ ಮೀಸಲಾದ ಸರ್ಕಾರಿ ಸಂಸ್ಥೆಯಿದೆ. ರಾತ್ರಿ ಬಳ್ಳಾರಿಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಗುಂತಕಲ್ ಮಾರ್ಗವಾಗಿ ಬೆಳಗಿಗೆ ಬೆಂಗಳೂರಲ್ಲಿಳಿದು, ಸ್ಕ್ಯಾನಿನ ಫಿಲ್ಮು, ವರದಿಗಳ ಚೀಲ ಹಿಡಿದು ಹೊರರೋಗಿ ವಿಭಾಗದ ಸಾಲಿನಲ್ಲಿ ನಿಲ್ಲುವುದು ಈ ಸೀಮೆಯ ಎಷ್ಟೋ ಕುಟುಂಬಗಳ ಅನುಭವ.

ಕಿರುರಂಧ್ರ ಮೇದೋಜೀರಕಕ್ಕೆ ಬಂದದ್ದು

ಕೆನಡಾದ ಮಿಶೆಲ್ ಗ್ಯಾನ್ಯೆ ಮತ್ತು ಆಲ್ಫೋನ್ಸ್ ಪೊಂಪ್ ಮೊದಲ ಲ್ಯಾಪ್ರೊಸ್ಕೋಪಿಕ್ ವಿಪ್ಪಲ್ ಅನ್ನು 1994ರಲ್ಲಿ ವರದಿ ಮಾಡಿದರು. ಆ ರೋಗಿಗೆ ಇದ್ದದ್ದು ಕ್ಯಾನ್ಸರ್ ಅಲ್ಲ, ಗ್ರಂಥಿಯ ದೀರ್ಘಕಾಲದ ಉರಿಯೂತ. ಸುಮಾರು ಹತ್ತು ಗಂಟೆ ಹಿಡಿದ ಕೆಲಸ ಅದು. ಹೊಟ್ಟೆ ಸರಿಯಾಗಿ ಖಾಲಿಯಾಗದೆ ರೋಗಿ ತಿಂಗಳ ಕಾಲ ಆಸ್ಪತ್ರೆಯಲ್ಲಿರಬೇಕಾಯಿತು. 1997ರಲ್ಲಿ ಹತ್ತು ಪ್ರಕರಣಗಳ ಲೆಕ್ಕ ಕೊಟ್ಟಾಗ ನಾಲ್ಕರಲ್ಲಿ ಮಧ್ಯದಲ್ಲೇ ಹೊಟ್ಟೆ ತೆರೆಯಬೇಕಾಗಿತ್ತು. ಇದರಿಂದ ರೋಗಿಗೆ ಲಾಭವಿದೆಯೇ ಎಂಬ ಪ್ರಶ್ನೆಯನ್ನು ಆ ವೈದ್ಯರೇ ಎತ್ತಿದರು. ಮಾಡಲು ಸಾಧ್ಯ ಎಂಬುದಕ್ಕೂ ಮಾಡುವುದು ಒಳ್ಳೆಯದು ಎಂಬುದಕ್ಕೂ ಇರುವ ಅಂತರವನ್ನು ಅವರು ಪ್ರಾಮಾಣಿಕವಾಗಿ ಒಪ್ಪಿಕೊಂಡದ್ದು ಈ ಚರಿತ್ರೆಯ ಗೌರವದ ಪುಟ.

ಬಾಲದ ಭಾಗದ ಮಾತು ಬೇರೆ. ಅಲ್ಲಿ ಕತ್ತರಿಸಿ ಮುಚ್ಚಿದರಾಯಿತು, ಕರುಳಿಗೆ ಜೋಡಿಸುವ ಹೊಲಿಗೆಗಳಿಲ್ಲ. ಸ್ಟೇಪ್ಲರ್ ಸಾಧನಗಳೂ ನೆರವಿಗೆ ಬಂದವು. ಹೀಗಾಗಿ ಬಾಲದ ಶಸ್ತ್ರಚಿಕಿತ್ಸೆಗೆ ಕಿರುರಂಧ್ರ ಬೇಗ ಒಗ್ಗಿತು, ತಲೆಯ ಭಾಗಕ್ಕೆ ಒಗ್ಗಲು ದಶಕಗಳೇ ಬೇಕಾದವು.

ದಕ್ಷಿಣ ಭಾರತದಲ್ಲಿ ಈ ಕೆಲಸಕ್ಕೆ ನೆಲೆ ಒದಗಿಸಿದ್ದು ಕೊಯಮತ್ತೂರಿನ ಜೆಮ್ ಆಸ್ಪತ್ರೆ. ಅಲ್ಲಿ ಡಾ. ಸಿ. ಪಳನಿವೇಲು 1998ರಿಂದ ಲ್ಯಾಪ್ರೊಸ್ಕೋಪಿಕ್ ವಿಪ್ಪಲ್ ಮಾಡತೊಡಗಿದರು. 2009ರಲ್ಲಿ 75 ರೋಗಿಗಳ, ಒಂದು ದಶಕದ ಅನುಭವವನ್ನು ಪ್ರಕಟಿಸಿದರು. ಆ ಕಾಲಕ್ಕೆ ಜಗತ್ತಿನಲ್ಲೇ ಇಷ್ಟು ಸಂಖ್ಯೆ ಅಪರೂಪ. 2017ರಲ್ಲಿ ಅವರ ತಂಡವೇ ತೆರೆದ ಮತ್ತು ಕಿರುರಂಧ್ರದ ವಿಧಾನಗಳನ್ನು ಚೀಟಿ ಎತ್ತಿ ಹಂಚಿದ ಹಾಗೆ ಹಂಚಿ ಹೋಲಿಸಿದ ಮೊದಲ ಪ್ರಯೋಗದ ಫಲ ನೀಡಿತು. 64 ರೋಗಿಗಳಲ್ಲಿ ಕಿರುರಂಧ್ರದವರು ಸಾಧಾರಣವಾಗಿ 7 ದಿನಕ್ಕೆ, ಹೊಟ್ಟೆ ತೆರೆದವರು 13 ದಿನಕ್ಕೆ ಮನೆಗೆ ಹೋದರು. ರಕ್ತಸ್ರಾವ ಕಡಿಮೆ ಇತ್ತು, ಸಮಯ ಮಾತ್ರ ಹೆಚ್ಚು ಹಿಡಿಯಿತು.

ಎಚ್ಚರಿಕೆಯ ಗಂಟೆ

ನೆದರ್‌ಲ್ಯಾಂಡ್ಸ್ ದೇಶದ ಎರಡು ಪ್ರಯೋಗಗಳು 2019ರಲ್ಲಿ ಪ್ರಕಟವಾದವು. ಬಾಲದ ಭಾಗದ ಪ್ರಯೋಗದಲ್ಲಿ ಕಿರುರಂಧ್ರದ ರೋಗಿಗಳು 4 ದಿನಕ್ಕೆ, ತೆರೆದ ವಿಧಾನದವರು 6 ದಿನಕ್ಕೆ ಚೇತರಿಸಿಕೊಂಡರು. ತಲೆಯ ಭಾಗದ ಪ್ರಯೋಗವನ್ನು ಮಾತ್ರ ನಡುವೆಯೇ ನಿಲ್ಲಿಸಬೇಕಾಯಿತು. ಕಿರುರಂಧ್ರದ 50 ರೋಗಿಗಳಲ್ಲಿ ಐವರು, ತೆರೆದ ವಿಧಾನದ 49ರಲ್ಲಿ ಒಬ್ಬರು ತೊಡಕುಗಳಿಂದ ತೀರಿಕೊಂಡಿದ್ದರು. ಅಲ್ಲಿನ ವೈದ್ಯರು ತರಬೇತಿ ಪಡೆದವರೇ. ಆದರೂ ತಲಾ ಇಪ್ಪತ್ತರಷ್ಟು ಪ್ರಕರಣಗಳ ಅನುಭವ ಈ ಕೆಲಸಕ್ಕೆ ಸಾಕಾಗಲಿಲ್ಲ ಎಂಬ ಅಭಿಪ್ರಾಯ ಬಲವಾಯಿತು.

2021ರಲ್ಲಿ ಚೀನಾದ 14 ಆಸ್ಪತ್ರೆಗಳ, 656 ರೋಗಿಗಳ ಪ್ರಯೋಗ ಹೊರಬಂತು. ಅದರಲ್ಲಿ ಭಾಗವಹಿಸಿದ ಪ್ರತಿ ಶಸ್ತ್ರವೈದ್ಯರೂ ಕನಿಷ್ಠ 104 ಲ್ಯಾಪ್ರೊಸ್ಕೋಪಿಕ್ ವಿಪ್ಪಲ್ ಮಾಡಿದ್ದವರು. ಅಂಥವರ ಕೈಯಲ್ಲಿ ಸಾವಿನ ಪ್ರಮಾಣ ಎರಡೂ ವಿಧಾನದಲ್ಲಿ ಸಮನಾಗಿತ್ತು. ಆಸ್ಪತ್ರೆ ವಾಸದ ವ್ಯತ್ಯಾಸ ಒಂದೇ ದಿನ: 15 ಮತ್ತು 16. ಬಾಲದ ಕ್ಯಾನ್ಸರಿನ ಬಗ್ಗೆ 12 ದೇಶಗಳ 35 ಕೇಂದ್ರಗಳಲ್ಲಿ 258 ರೋಗಿಗಳ ಮೇಲೆ ನಡೆದ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಅಂಚಿನಲ್ಲಿ ರೋಗ ಉಳಿಯದಂತೆ ಗಡ್ಡೆ ತೆಗೆಯುವುದರಲ್ಲಿ ಕಿರುರಂಧ್ರ ತೆರೆದ ವಿಧಾನಕ್ಕಿಂತ ಹಿಂದಿಲ್ಲ ಎಂದು ಅದು ತೋರಿಸಿತು.

ರೋಬೋಟ್ ಇದೇ ಸಾಲಿನ ಮುಂದಿನ ಹೆಜ್ಜೆ. ಇಟಲಿಯ ಪಿಯೆರ್ ಕ್ರಿಸ್ಟೊಫೊರೊ ಜುಲಿಯಾನೊಟ್ಟಿ 2003ರಲ್ಲಿ ರೋಬೋಟ್ ನೆರವಿನ ವಿಪ್ಪಲ್ ವರದಿ ಮಾಡಿದರು. ವೈದ್ಯರು ದೂರದ ಆಸನದಲ್ಲಿ ಕುಳಿತು ಯಂತ್ರದ ತೋಳುಗಳನ್ನು ಆಡಿಸುತ್ತಾರೆ. ತೋಳಿನ ತುದಿ ಮಣಿಕಟ್ಟಿನ ಹಾಗೆ ಬಾಗುವುದರಿಂದ ಆಳದಲ್ಲಿ ಸಣ್ಣ ನಾಳಕ್ಕೆ ಹೊಲಿಗೆ ಹಾಕುವುದು ಸುಲಭ. ಯಂತ್ರದ ಬೆಲೆ ಮತ್ತು ಪ್ರತಿ ಶಸ್ತ್ರಚಿಕಿತ್ಸೆಯ ಖರ್ಚು ದೊಡ್ಡದು. ಅದಕ್ಕೇ ಈ ಯಂತ್ರಗಳು ಬಹುಮಟ್ಟಿಗೆ ಮಹಾನಗರಗಳ ಆಸ್ಪತ್ರೆಗಳಲ್ಲೇ ಕಾಣಸಿಗುತ್ತವೆ.

ದುಡ್ಡಿನ ದಾರಿ

ಬಳ್ಳಾರಿ ಸೀಮೆಯ ಬಡವರಿಗೆ ದೊಡ್ಡ ಶಸ್ತ್ರಚಿಕಿತ್ಸೆ ಕೈಗೆಟುಕಿದ್ದು ಉಪಕರಣಗಳಿಗಿಂತ ಹೆಚ್ಚಾಗಿ ಯೋಜನೆಗಳಿಂದ. 2010ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ವಾಜಪೇಯಿ ಆರೋಗ್ಯಶ್ರೀಯನ್ನು ಮೊದಲು ಜಾರಿಗೆ ತಂದದ್ದು ಬಳ್ಳಾರಿಯನ್ನೂ ಒಳಗೊಂಡ ಗುಲಬರ್ಗಾ ವಿಭಾಗದಲ್ಲಿ. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ಹೃದ್ರೋಗ, ಕ್ಯಾನ್ಸರ್, ನರರೋಗ ಮುಂತಾದ ದೊಡ್ಡ ಕಾಯಿಲೆಗಳಿಗೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ಸಿಗುತ್ತಿತ್ತು. ಅಗತ್ಯವಿದ್ದರೆ ಇನ್ನೂ 50,000. ಆಸ್ಪತ್ರೆಗಳಲ್ಲಿ ರೋಗಿಗಳಿಗೆ ದಾರಿ ತೋರಿಸುವ ಆರೋಗ್ಯಮಿತ್ರರು ಕೂತರು, ಹಳ್ಳಿಗಳಲ್ಲಿ ತಪಾಸಣಾ ಶಿಬಿರಗಳು ನಡೆದವು.

ಈ ಯೋಜನೆಯ ಗಡಿಯ ಎರಡೂ ಬದಿಯ 572 ಹಳ್ಳಿಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದಾದ ಸಾವು ಫಲಾನುಭವಿ ಬಡಕುಟುಂಬಗಳಲ್ಲಿ ಶೇ 0.32, ಗಡಿಯ ಆಚೆಯ ಬಡಕುಟುಂಬಗಳಲ್ಲಿ ಶೇ 0.90. 2018ರಲ್ಲಿ ಆರೋಗ್ಯ ಕರ್ನಾಟಕ ಬಂದು, ಅದೇ ವರ್ಷ ಆಯುಷ್ಮಾನ್ ಭಾರತದೊಂದಿಗೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ಮಿತಿ ವರ್ಷಕ್ಕೆ 5 ಲಕ್ಷ ರೂಪಾಯಿಗೆ ಏರಿತು. ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆ ಸೇರಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಹಾಗಾಗಿ ದೊಡ್ಡ ಊರಿಗೆ ಹೊರಡುವ ಮುನ್ನ ತಾಲ್ಲೂಕು ಆಸ್ಪತ್ರೆಯನ್ನೋ ಜಿಲ್ಲೆಯ ದೊಡ್ಡಾಸ್ಪತ್ರೆಯನ್ನೋ ಕಾಣುವುದು ಸರಿಯಾದ ಮೊದಲ ಹೆಜ್ಜೆ.

ಸಿರುಗುಪ್ಪ, ಕುರುಗೋಡಿನಲ್ಲಿ ಉಳಿದಿರುವ ಪ್ರಶ್ನೆ

ಸಿರುಗುಪ್ಪ ಭತ್ತದ ಸೀಮೆ. ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ನಾಟಿ, ಕೊಯ್ಲುಗಳೇ ಇಲ್ಲಿನ ವರ್ಷವನ್ನು ನಡೆಸುತ್ತವೆ. ಸಿಂದ ಅರಸರ ರಾಜಧಾನಿಯಾಗಿದ್ದ, ದೊಡ್ಡಬಸವೇಶ್ವರನ ಕುರುಗೋಡು ಇತ್ತೀಚೆಗಷ್ಟೇ ತಾಲ್ಲೂಕು ಕೇಂದ್ರವಾಯಿತು. ಎರಡೂ ಕಡೆ ಮೈ ಹಳದಿಯಾದರೆ ‘ಕಾಮಾಲೆ, ಮದ್ದು ಹಾಕಿಸಿದರೆ ಹೋಗುತ್ತದೆ’ ಎನ್ನುವ ನಂಬಿಕೆ ಉತ್ತರ ಕರ್ನಾಟಕದ ಉಳಿದ ಊರುಗಳಲ್ಲಿ ಇರುವಂತೆಯೇ ಇದೆ. ನಾಟಿ ಮದ್ದು, ಪಥ್ಯ, ಕೆಲವೆಡೆ ಬರೆ ಹಾಕಿಸುವುದೂ ಉಂಟು. ಸೋಂಕಿನಿಂದ ಬರುವ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಮದ್ದಿನ ಮೇಲಿನ ನಂಬಿಕೆ ಗಟ್ಟಿಯಾಗಿರುವುದು ಅದರಿಂದಲೇ. ಗಡ್ಡೆಯಿಂದ ಬಂದ ಕಾಮಾಲೆ ತಾನಾಗಿ ಇಳಿಯುವುದಿಲ್ಲ. ಮದ್ದಿಗೆಂದು ಕಾದ ಒಂದೆರಡು ತಿಂಗಳಲ್ಲಿ ಗಡ್ಡೆ ರಕ್ತನಾಳವನ್ನು ಸುತ್ತಿಕೊಂಡರೆ, ಯಾವ ವಿಧಾನದ ಶಸ್ತ್ರಚಿಕಿತ್ಸೆಯೂ ಉಪಯೋಗಕ್ಕೆ ಬರದೆ ಹೋಗಬಹುದು.

ನೂರು ವರ್ಷಕ್ಕೂ ಮಿಕ್ಕಿದ ಈ ಚರಿತ್ರೆ ಕೊಡುವ ತೀರ್ಪು ಸ್ಪಷ್ಟ. ಮೇದೋಜೀರಕದ ಕ್ಯಾನ್ಸರಿನಲ್ಲಿ ರೋಗಿಯನ್ನು ಉಳಿಸುವುದು ಗಾಯ ಚಿಕ್ಕದು ಎಂಬುದಲ್ಲ, ಕೆಲಸ ಮಾಡುವ ತಂಡದ ಅಭ್ಯಾಸ. ಬಾಲದ ಗಡ್ಡೆಗೆ ಕಿರುರಂಧ್ರ ಅನುಭವಿಗಳ ಕೈಯಲ್ಲಿ ಒಳ್ಳೆಯ ಆಯ್ಕೆ. ತಲೆಯ ಗಡ್ಡೆಗೆ ಅದು ನೂರಕ್ಕೂ ಹೆಚ್ಚು ಪ್ರಕರಣ ಮಾಡಿದವರ ಕೈಯಲ್ಲಿ ಮಾತ್ರ ತೆರೆದ ಶಸ್ತ್ರಚಿಕಿತ್ಸೆಗೆ ಸಮ, ಅನುಭವ ಸಾಲದವರ ಕೈಯಲ್ಲಿ ಅಪಾಯಕಾರಿ. ನುರಿತ ತಂಡ ಹೊಟ್ಟೆ ತೆರೆದು ಮಾಡುತ್ತೇವೆ ಎಂದರೆ ಅದನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಬಾರದು. ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಮೂರು: ಈ ಆಸ್ಪತ್ರೆಯಲ್ಲಿ ವರ್ಷಕ್ಕೆ ಎಷ್ಟು ವಿಪ್ಪಲ್ ನಡೆಯುತ್ತವೆ, ತೊಡಕಾದರೆ ರಾತ್ರಿಹೊತ್ತಿನಲ್ಲೂ ನೋಡಿಕೊಳ್ಳುವ ಐಸಿಯು, ಸ್ಕ್ಯಾನ್, ಎಂಡೋಸ್ಕೋಪಿ ಇವೆಯೇ, ಆಮೇಲಿನ ಕಿಮೋಥೆರಪಿಗೆ ಏನು ಏರ್ಪಾಡು. ಇದಕ್ಕೂ ಮೊದಲಿನ ಕೆಲಸ ಊರಿನಲ್ಲೇ ಇದೆ. ನೋವಿಲ್ಲದೆ ಕಾಮಾಲೆ ಬಂದು ಮೈ ತುರಿಸುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಮದ್ದಿನವರ ಮನೆಗೆ ಹೋಗುವ ಮೊದಲು ಸಿರುಗುಪ್ಪದ ತಾಲ್ಲೂಕು ಆಸ್ಪತ್ರೆಗೋ ಬಳ್ಳಾರಿಯ ದೊಡ್ಡಾಸ್ಪತ್ರೆಗೋ ಹೋಗಿ ಒಂದು ಸ್ಕ್ಯಾನ್ ಮಾಡಿಸಬೇಕು.